ಮೇಲಿನ ಮನೆಯ ಅಸಲಿ ಡಿಸ್ಕು

ಓರಗಿತ್ತಿಯ ಎಂಬ್ರಾಯ್ಡರಿ ದರ್ಬಾರಿಗೆ ಈ ಸೋಮವಾರ ಮಂಗಳ ಹಾಡಿಬಿಡುತ್ತೇನೆ ಎಂದು ಟೈಲರಮ್ಮ ಘೋಷಿಸಿದಾಗ ಆಕೆಯ ಕೈಯಲ್ಲಿ ಕತ್ತರಿ ಇತ್ತು, ಎದುರಿಗೆ ಗಂಡ ಇದ್ದ. ಹಾಗಾಗಿ ಘೋಷಣೆಗೆ ಯಾವ ವಿರೋಧವೂ ಬರಲಿಲ್ಲ.

ಮನೆ ಒಂದೇ, ಅಂತಸ್ತು ಎರಡು. ಕೆಳಗಿನ ಮುಂಗೋಣೆಯಲ್ಲಿ ಟೈಲರಮ್ಮನ ಹೊಲಿಗೆ. ಮೇಲೆ ಮೈದುನನ ಸಂಸಾರ. ಮೈದುನನ ಹೆಂಡತಿ ಕಂಪ್ಯೂಟರಿಗೆ ಜೋಡಿಸುವ ಎಂಬ್ರಾಯ್ಡರಿ ಯಂತ್ರ ತಂದ ದಿನದಿಂದ ಟೈಲರಮ್ಮನಿಗೆ ನೆಮ್ಮದಿ ಇಲ್ಲ. ಕೆಳಗೆ ಈಕೆ ಕಣ್ಣು ಕಿರಿದು ಮಾಡಿಕೊಂಡು ಅಂಚು ಮಡಿಸುತ್ತ ಕೂತರೆ, ಮೇಲೆ ಆ ಯಂತ್ರ ತನ್ನಷ್ಟಕ್ಕೆ ತಾನೇ ಹೂವು ಹೊಲಿಯುತ್ತದೆ, ಯಜಮಾನಿ ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಾಳೆ. ಚಹಾ ಕುಡಿಯುವುದನ್ನು ಟೈಲರಮ್ಮ ಕಣ್ಣಾರೆ ಕಂಡಿರಲಿಲ್ಲ. ಸೂರಿನಿಂದ ಇಳಿದು ಬರುವ ಟಕಟಕ ಸದ್ದಿನಲ್ಲೇ ಅದೆಲ್ಲ ಅವಳಿಗೆ ಕಾಣುತ್ತಿತ್ತು. ತನ್ನ ಬಾಗಿಲು ದಾಟಿ ಮೆಟ್ಟಿಲು ಹತ್ತುವ ಗಿರಾಕಿ ಯಾರೆಂದು ಚಪ್ಪಲಿಯ ಸದ್ದಿನಿಂದಲೇ ಗುರುತಿಸುವಷ್ಟು ಅವಳ ಕಿವಿ ಪಳಗಿತ್ತು.

ಈಗ ಪಕ್ಕದ ಬೀದಿಯ ಶಾಲೆಯವರು ಮಕ್ಕಳ ಕೋಟಿನ ಜೇಬಿಗೆ ಸಿಂಹದ ಬ್ಯಾಡ್ಜು ಹೊಲಿಸಬೇಕೆಂದಿದ್ದರು. ಆಟದ ಮೇಷ್ಟ್ರು ಇಬ್ಬರಿಗೂ ಸಿಂಹದ ಚಿತ್ರ ಕೊಟ್ಟು, ಸೋಮವಾರ ಬೆಳಿಗ್ಗೆ ಮಾದರಿ ತೋರಿಸಿ ಎಂದಿದ್ದರು. ಯಾರ ಸಿಂಹ ಚೆನ್ನಾಗಿದೆಯೋ ಅವರಿಗೆ ವರ್ಷವರ್ಷವೂ ಶಾಲೆಯ ಕೆಲಸ. ಟೈಲರಮ್ಮ ಹಟಕ್ಕೆ ಬಿದ್ದು ತಾನೂ ಒಂದು ಹಳೆಯ ಎಂಬ್ರಾಯ್ಡರಿ ಯಂತ್ರ ತಂದಿಟ್ಟುಕೊಂಡಿದ್ದಳು. ಚಿತ್ರವನ್ನು ಹೊಲಿಗೆಯಾಗಿ ಬದಲಿಸಿಕೊಡುವ ಸಾಫ್ಟ್‌ವೇರ್ ಮಾತ್ರ ಇರಲಿಲ್ಲ. ಹೊಸದರ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಹಾಗಾಗಿ ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕು ತರಿಸಿದಳು. ಬೇರೆ ಯಾವುದೋ ಅಲ್ಲ, ಓರಗಿತ್ತಿಯ ಬಳಿ ಇದ್ದಂಥದ್ದೇ.

ಭಾನುವಾರ ಮಧ್ಯಾಹ್ನ ಅದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬಂತು. ಗಂಡ ಕನ್ನಡಕದ ಅಂಗಡಿಯವನು. ಗಾಜೋ ಪ್ಲಾಸ್ಟಿಕ್ಕೋ ಎಂದು ಮಸೂರವನ್ನು ಉಗುರಿನಿಂದ ತಟ್ಟಿಯೇ ಹೇಳುವ ಮನುಷ್ಯ. ಅವನು ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಅಸಲಿಯೋ ನಕಲಿಯೋ ಎಂದು ಕೇಳಿದ. ಈ ಡಿಸ್ಕು ಕಂಪ್ಯೂಟರಿನ ಒಳಗಿದ್ದರೆ ಮಾತ್ರ ಸಾಫ್ಟ್‌ವೇರ್ ಓಡುತ್ತದೆ, ನಕಲಿಯಾದರೆ ದುಡ್ಡು ನೀರುಪಾಲು ಎಂದ. ಕಂಪ್ಯೂಟರ್ ಇರುವುದು ಅಂಗಡಿಯಲ್ಲಿ, ಸಂಜೆ ತಂದು ಹಾಕಿ ನೋಡೋಣ ಎಂದೂ ಸೇರಿಸಿದ.

ಸಂಜೆಯವರೆಗೆ ಕಾಯುವ ಸ್ವಭಾವ ಟೈಲರಮ್ಮನದಲ್ಲ. ಮೇಲಿನವರು ಊಟಕ್ಕೆಂದು ಹೊರಗೆ ಹೋಗಿದ್ದರು. ಮಹಡಿಯ ಮೇಲೆ ಒಣಹಾಕಿದ ಬಟ್ಟೆ ತೆಗೆದಿಡು ಅಕ್ಕಾ ಎಂದು ಓರಗಿತ್ತಿ ಬೀಗದ ಕೈಯನ್ನು ಇವಳ ಕೈಗೇ ಕೊಟ್ಟು ಹೋಗಿದ್ದಳು. ಟೈಲರಮ್ಮ ಬಟ್ಟೆಯನ್ನೂ ತೆಗೆದಳು, ಕಂಪ್ಯೂಟರಿನ ಪಕ್ಕದ ಡಬ್ಬಿಯಿಂದ ಡಿಸ್ಕನ್ನೂ ತೆಗೆದಳು. ಬರೀ ಹೋಲಿಸಿ ನೋಡುವುದಕ್ಕೆ ಎಂದು ಗಂಡನಿಗೆ ಹೇಳಿದಳು. ಆಗ ಅವಳು ಹೇಳಿದ್ದು ನಿಜವೇ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡೂ ಡಿಸ್ಕುಗಳು ಅಕ್ಕಪಕ್ಕ ಮಲಗಿದವು. ಗಂಡ ಮೊಬೈಲಿನಲ್ಲಿ ಅಸಲಿ ಡಿಸ್ಕು ಗುರುತಿಸುವ ಬಗೆ ಹುಡುಕಿ, ನಿಧಾನವಾಗಿ ಓದತೊಡಗಿದ. ಅಸಲಿ ಡಿಸ್ಕಿನ ಮೇಲೆ ಹೊಳೆಯುವ ಮುದ್ರೆ ಇರುತ್ತದೆ, ಓರೆಯಾಗಿ ಹಿಡಿದರೆ ಬಣ್ಣ ಬದಲಾಗುತ್ತದೆ ಎಂಬಲ್ಲಿಗೆ ಬಂದಿದ್ದ. ಟೈಲರಮ್ಮ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನ ಮನೆಯದು ನವಿಲಿನ ಹಾಗೆ ಮಿನುಗಿತು. ತಾನು ತರಿಸಿದ್ದರಲ್ಲೂ ಮುದ್ರೆ ಇತ್ತು, ಆದರೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದಂತೆ ಮಂಕು. ಮೇಲೆಲ್ಲ ಗೀರು ಬೇರೆ.

"ಸಾಕು ಬಿಡಿ, ಗೊತ್ತಾಯ್ತು," ಎಂದಳು.

"ಇನ್ನೂ ಇದೆ ಕಣೇ. ಪೂರ್ತಿ ಓದ್ತೀನಿ ತಾಳು."

"ಓದೋದೇನಿದೆ? ಅವಳದು ಯಾವತ್ತು ನಕಲಿ ಆಗಿದೆ ಹೇಳಿ. ಅವಳ ಮನೆ ಪರದೆ ಬಣ್ಣ ಬಿಡಲ್ಲ, ಅವಳ ಗಿಡ ಒಣಗಲ್ಲ. ಮೋಸ ಹೋಗೋಕೆ ಅಂತ ಈ ಮನೇಲಿ ನಾನೊಬ್ಬಳು ಇದ್ದೀನಲ್ಲ."

ಇದಕ್ಕೆ ಉತ್ತರ ಮೊಬೈಲಿನಲ್ಲಿ ಇರಲಿಲ್ಲ. ಗಂಡ ಅದನ್ನು ಜೇಬಿಗೆ ಸೇರಿಸಿದ. ಹೊರಗೆ ಆಟೋ ನಿಂತ ಸದ್ದು ಕೇಳಿತು. ಟೈಲರಮ್ಮ ಒಂದು ಡಿಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹಾರಿದಳು. ಮೇಜಿನ ಮೇಲೆ ಉಳಿದದ್ದು ನವಿಲಿನ ಬಣ್ಣದ್ದು. ಗಂಡ ಅದನ್ನು ನೋಡಿದ, ಹೆಂಡತಿ ಹೋದ ದಾರಿ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡ. ಅವಳು ಇಳಿದು ಬಂದ ಮೇಲೆ, ಇದು ಕಳ್ಳತನ ಅಲ್ಲವೇ ಎಂದು ಮೆಲ್ಲಗೆ ಕೇಳಿದ. ಅದಲು ಬದಲು ಅಷ್ಟೇ, ಡಿಸ್ಕಿಗೆ ಡಿಸ್ಕು ಕೊಟ್ಟಿದ್ದೇನೆ ಎಂದಳು ಟೈಲರಮ್ಮ.

ಸಂಜೆ ಕಂಪ್ಯೂಟರ್ ಬಂತು. ಡಿಸ್ಕು ಒಳಗೆ ಹೋಯಿತು. ಸಾಫ್ಟ್‌ವೇರ್ ತೆರೆದುಕೊಂಡಿತು, ಸಿಂಹದ ಚಿತ್ರವನ್ನೂ ನುಂಗಿತು. ಯಂತ್ರ ಟಕಟಕ ಎಂದಿತು. ಆ ಸದ್ದು ಮೇಲಕ್ಕೂ ಕೇಳಲಿ ಎಂದು ಟೈಲರಮ್ಮ ಕಿಟಕಿ ತೆರೆದಿಟ್ಟಳು. ಒಂದು ಕಿವಿ ಮೂಡಿತು. ಜೂಲು ಅರ್ಧ ಮೂಡಿತು. ಒಂದು ಕಣ್ಣೂ ಬಂತು. ಅಲ್ಲಿಗೆ ಯಂತ್ರ ನಿಂತಿತು. ಪರದೆಯ ಮೇಲೆ ಒಂದು ಸಾಲು ಬಂತು: ದಯವಿಟ್ಟು ಅಸಲಿ ಡಿಸ್ಕು ಹಾಕಿ.

ತೆಗೆದು ಒರೆಸಿ ಹಾಕಿದರು. ಊದಿ ಹಾಕಿದರು. ಪ್ರತಿ ಸಲವೂ ಸಿಂಹ ಒಂದು ಕಣ್ಣಿನವರೆಗೆ ಬಂದು, ಟೈಲರಮ್ಮನನ್ನು ದುರುಗುಟ್ಟಿ ನೋಡಿ ನಿಲ್ಲುತ್ತಿತ್ತು. ಆಗ ಗಂಡ ಮತ್ತೆ ಮೊಬೈಲ್ ತೆಗೆದ. ಮಧ್ಯಾಹ್ನ ಬಿಟ್ಟಲ್ಲಿಂದಲೇ ಶುರು ಮಾಡಿದ. ಅಸಲಿ ಡಿಸ್ಕಿನಲ್ಲಿ ಮುದ್ರೆ ಡಿಸ್ಕಿನ ಒಳಗೇ ಇರುತ್ತದೆ, ಆದ್ದರಿಂದ ಕೊಂಚ ಮಂಕಾಗಿ ಕಾಣಬಹುದು. ಅತಿಯಾಗಿ ಹೊಳೆಯುತ್ತಿದ್ದು ಉಗುರಿಗೆ ಸಿಕ್ಕಿದರೆ ಅದು ಮೇಲಿಂದ ಅಂಟಿಸಿದ ಚೀಟಿ. ತಳ ಬೆಳ್ಳಿಯಂತಿದ್ದರೆ ಅಸಲಿ, ನೇರಳೆಯಾಗಿದ್ದರೆ ಮನೆಯಲ್ಲಿ ನಕಲು ಮಾಡಿದ್ದು.

ಟೈಲರಮ್ಮ ಡಿಸ್ಕನ್ನು ಮಗುಚಿದಳು. ಬದನೆಕಾಯಿಯ ಬಣ್ಣ. ಉಗುರು ತಾಗಿಸಿದಳು. ನವಿಲು ಇಡಿಯಾಗಿ ಎದ್ದು ಬಂದು ಅವಳ ಹೆಬ್ಬೆರಳಿಗೆ ಅಂಟಿಕೊಂಡಿತು.

"ಹಾಗಾದ್ರೆ ನಮ್ಮದು?" ಎಂದಳು.

ಗಂಡ ಸೂರಿನ ಕಡೆ ಬೆರಳು ತೋರಿಸಿದ. ಮೇಲಿನ ಯಂತ್ರ ಓಡುತ್ತಲೇ ಇತ್ತು. ಅದು ಎಲ್ಲಿಯೂ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಓರಗಿತ್ತಿ ಇಳಿದು ಬಂದಳು. ಕೈಯಲ್ಲಿ ಬ್ಯಾಡ್ಜು. ಸಿಂಹಕ್ಕೆ ಎರಡು ಕಣ್ಣು, ತುಂಬು ಜೂಲು, ಬಾಲದ ತುದಿಯಲ್ಲಿ ಕುಚ್ಚು. ಅವಳು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಆ ಡಿಸ್ಕನ್ನು ಅವಳೂ ಸೆಕೆಂಡ್ ಹ್ಯಾಂಡಿನಲ್ಲೇ ಕೊಂಡದ್ದು. ಚಿಕ್ಕ ಹೂವಾದರೆ ಮಾಡಿಕೊಡುತ್ತಿತ್ತು, ದೊಡ್ಡ ಚಿತ್ರ ಕೊಟ್ಟರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮೋಸ ಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದಳು. ಶನಿವಾರವೇ ಮೇಷ್ಟ್ರಿಗೆ, ನನ್ನ ಕೈಲಾಗದು, ಕೆಲಸ ಅಕ್ಕನಿಗೇ ಕೊಡಿ ಎಂದು ಹೇಳಿ ಒಪ್ಪಿಸಿಯೂ ಆಗಿತ್ತು.

"ನಿನ್ನೆ ಕೊನೇ ಸಲ ನೋಡೋಣ ಅಂತ ಮೆತ್ತನೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಹಾಕಿದೆ ಅಕ್ಕಾ. ಮೇಲಿದ್ದ ಹೊಳಪೆಲ್ಲ ಹೋಗಿ ಗೀರು ಬಿತ್ತು. ಆದರೆ ಕುದುರೆ ಥರ ಓಡ್ತು ನೋಡು. ಅದಕ್ಕೇ ಬೆಳಿಗ್ಗೆ ಎದ್ದವಳೇ ಮೇಷ್ಟ್ರಿಗೆ ಫೋನ್ ಮಾಡಿ, ಕೆಲಸ ನಾನೇ ಮಾಡ್ತೀನಿ ಅಂದೆ. ನಿನಗೆ ಬೇಜಾರಿಲ್ಲ ತಾನೇ?"

ಟೈಲರಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಛೆ ಛೆ, ಬೇಜಾರೇನು ಎಂದಳು. ಒಳಗಿನಿಂದ ಗಂಡ ಕೆಮ್ಮಿದ.

ಓರಗಿತ್ತಿ ಹೊರಡಲು ಎದ್ದಳು. ಬಾಗಿಲಲ್ಲಿ ತಿರುಗಿ ನಿಂತು, ದನಿ ತಗ್ಗಿಸಿ, ಸ್ವಂತ ತಂಗಿಗಿಂತ ಹೆಚ್ಚಿನ ಅಕ್ಕರೆಯಿಂದ ಹೇಳಿದಳು:

"ನೀನೂ ಇಂಥ ಡಿಸ್ಕು ತಗೊಳ್ಳೋದಾದ್ರೆ ಮೊದಲು ನನಗೆ ತೋರಿಸಕ್ಕಾ. ಅಸಲಿ ಯಾವುದು ಅಂತ ಕಂಡುಹಿಡಿಯೋದು ನಿನ್ನ ಕೈಲಾಗಲ್ಲ."

"ಇಲ್ಲ ಕಣೇ," ಎಂದಳು ಟೈಲರಮ್ಮ, "ಆಗಲ್ಲ."