ಮಿಲ್ಟ್ರಿ ಎಲೆ

ಎರಡನೇ ಮಹಾಯುದ್ಧ ಮುಗಿದಿದೆ ಎಂಬುದನ್ನು ನನ್ನ ಸೋದರತ್ತೆ ಮೊನ್ನೆ ಮೊನ್ನೆಯವರೆಗೂ ಒಪ್ಪಿಕೊಂಡಿರಲಿಲ್ಲ. ಗೆದ್ದವರು ಒಪ್ಪಿದರು, ಸೋತವರೂ ಒಪ್ಪಿದರು, ಹಾಲ್ಕುರಿಕೆಯ ನಮ್ಮತ್ತೆ ಮಾತ್ರ ಇಲ್ಲ! ಯಾಕೆ ಎಂದು ಕೇಳಿದರೆ, "ಮುಗಿದಿದ್ರೆ ನಮ್ಮ ಚಿಕ್ಕಪ್ಪ ಇನ್ನೂ ಯಾಕೆ ಬಂದಿಲ್ಲ?" ಎನ್ನುತ್ತಿದ್ದಳು. ಇದಕ್ಕೆ ಯಾವ ಇತಿಹಾಸದ ಮೇಷ್ಟ್ರು ಉತ್ತರ ಕೊಟ್ಟಾರು?

ಆ ಚಿಕ್ಕಪ್ಪ ನಮ್ಮ ತಾತನ ತಮ್ಮ, ಹೆಸರು ಸಿದ್ದಪ್ಪ. ಅತ್ತೆ ಹುಟ್ಟುವ ಮೊದಲೇ ಮಿಲ್ಟ್ರಿ ಸೇರಿ ಹಡಗು ಹತ್ತಿದವನು. ಹೊರಡುವಾಗ ಅವ್ವನಿಗೆ "ಬತ್ತೀನಿ" ಎಂದಿದ್ದನಂತೆ. ಆಮೇಲೆ, ಅವನು ಕಾಣೆಯಾಗಿದ್ದಾನೆ ಎಂದು ಒಂದು ಕಾಗದ ಬಂತು, ಅಷ್ಟೆ. ಅವನ ತಾಯಿ, ಅಂದರೆ ಅತ್ತೆಯ ಅಜ್ಜಿ, "ಎಮ್ಮೆ ಕಾಣೆಯಾದ್ರೂ ಸಂಜೆಗೆ ಕೊಟ್ಟಿಗೆಗೆ ಬರ್ತದೆ, ನನ್ನ ಮಗ ಬರಲ್ವಾ?" ಎಂದಳಂತೆ.

ತೊಡಕು ಶುರುವಾದದ್ದು ಪಿತೃಪಕ್ಷದ ಅಮಾವಾಸ್ಯೆಯಂದು. ಅವತ್ತು ನಮ್ಮ ಮನೆಯಲ್ಲಿ ಎರಡು ಕಡೆ ಎಲೆ ಬೀಳುತ್ತದೆ. ಒಳಗೆ, ಹಿರಿಯರ ಫೋಟೊಗಳ ಮುಂದೆ, ಸತ್ತವರಿಗೆ ಎಡೆ. ಹೊರಗೆ, ಪಡಸಾಲೆಯಲ್ಲಿ, ಬದುಕಿರುವವರಿಗೆ ಊಟದ ಸಾಲು. ಮಗ ಸತ್ತನೆಂದು ಒಪ್ಪದ ಅಜ್ಜಿ ಅವನ ಎಲೆಯನ್ನು ಬದುಕಿರುವವರ ಸಾಲಿನಲ್ಲೇ ಹಾಕಿಸುತ್ತಿದ್ದಳು. ಸಾಯುವಾಗ ಮೊಮ್ಮಗಳಿಂದ ಮಾತು ತೆಗೆದುಕೊಂಡಳು. ಅಂದಿನಿಂದ ಅತ್ತೆ ಪ್ರತಿವರ್ಷ ಎರಡು ಬೀದಿ ಆಚೆಯ ಗಂಡನ ಮನೆಯಿಂದ ಬಂದು ಆ ಎಲೆಗೆ ಕಾವಲು ನಿಲ್ಲುತ್ತಾಳೆ. ಎಲ್ಲರ ಊಟವಾದ ಮೇಲೆ, ಅನ್ನ ಹಾಳಾಗಬಾರದೆಂದು ತಾನೇ ಅದಕ್ಕೆ ಕೂರುತ್ತಾಳೆ.

ನನ್ನ ತಂಗಿಯ ಮದುವೆಯಾದ ಹೊಸತು. ಅವಳ ಗಂಡ ಪಾಪ, ಹಸಿದು ಬಂದವನು ಸೀದಾ ಆ ಎಲೆಯ ಮುಂದೆ ಕೂತುಬಿಟ್ಟ.

"ಏಳ್ರೀ! ಅದು ಮಿಲ್ಟ್ರಿ ಎಲೆ ಕಣ್ರೀ!" ಎಂದು ಅತ್ತೆ ಕೂಗಿದಳು.

ಅವನು ಗಾಬರಿಯಿಂದ ಎದ್ದು ಪಕ್ಕದ ಎಲೆಗೆ ಸರಿದ. "ಅವರು ಎಷ್ಟೊತ್ತಿಗೆ ಬರ್ತಾರೆ?" ಎಂದು ವಿನಯದಿಂದ ಕೇಳಿದ.

"ಹೇಳಕಾಗಲ್ಲ ಕಣಪ್ಪ. ಯುದ್ಧ ಅಂದ್ಮೇಲೆ ಹಿಂದೆ ಮುಂದೆ ಆಗ್ತದೆ."

ದೊಡ್ಡವರನ್ನು ಬಿಟ್ಟು ಉಣ್ಣುವುದು ಮರ್ಯಾದೆಯಲ್ಲ ಎಂದು ಆ ಹುಡುಗ ಕಡುಬು ಮುಟ್ಟದೆ, ಕಾಯಿಹಾಲು ಆರುವವರೆಗೂ ಬಾಗಿಲು ನೋಡುತ್ತ ಕೂತಿದ್ದ!

ಬಟ್ಟೆಯದು ಇನ್ನೊಂದು ಕಥೆ. ಸತ್ತವರ ಎಡೆಗೆ ಹೊಸ ಪಂಚೆ ಇಟ್ಟರಾಯಿತು. ಬದುಕಿರುವವನಿಗೆ ಶರ್ಟು ಹೊಲಿಸಬೇಡವೇ? ಅತ್ತೆ ಬಟ್ಟೆ ಹಿಡಿದು ತಿಪಟೂರಿನ ದರ್ಜಿ ಸಾಬರ ಅಂಗಡಿಗೆ ಹೋಗುತ್ತಾಳೆ. ಒಂದು ಸಲ ಸಾಬರು ತಡೆಯಲಾರದೆ, "ಅಮ್ಮಾ, ಅಳತೆಗೆ ಅವರ್ನೇ ಒಂದ್ಸಲ ಕಳ್ಸಿಕೊಡಿ" ಎಂದರು.

"ರಜ ಸಿಕ್ಕಿಲ್ಲ ಕಣಪ್ಪ. ಸಡಿಲವಾಗಿ ಹೊಲಿ, ವಯಸ್ಸಾಗಿರ್ತದೆ."

ವರ್ಷ ಕಳೆದ ಮೇಲೆ ಆ ಶರ್ಟುಗಳು ನನ್ನ ಪಾಲಿಗೆ. ನನ್ನ ಕೊಬ್ಬರಿ ಅಂಗಡಿಗೆ ಬರುವವರೆಲ್ಲ ನಾನು ಇಳಿದುಹೋಗಿದ್ದೇನೆ ಎಂದು ಮರುಗಿ, ಒಳ್ಳೆಯ ಡಾಕ್ಟರ ಹೆಸರು ಹೇಳಿ ಹೋಗುತ್ತಾರೆ.

ಈ ವರ್ಷ ನನ್ನ ತಲೆಯಲ್ಲಿ ಬುದ್ಧಿವಂತಿಕೆ ಹೊಕ್ಕಿತು. ಯುದ್ಧದಲ್ಲಿ ಮಡಿದವರ ಹೆಸರು, ಸಮಾಧಿಗಳ ಚಿತ್ರ ಎಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ. ಹಬ್ಬಕ್ಕೆ ಮುಂಚೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿದೆ. ಒಬ್ಬನಲ್ಲ, ಇಬ್ಬರು ಸಿದ್ದಪ್ಪಂದಿರು ಸಿಕ್ಕರು! ಒಬ್ಬನಿಗೆ ಬರ್ಮಾದಲ್ಲಿ ಸಮಾಧಿ. ಇನ್ನೊಬ್ಬನಿಗೆ ಸಿಂಗಪುರದ ಸ್ಮಾರಕದ ಗೋಡೆಯ ಮೇಲೆ ಬರಿ ಹೆಸರು. ಇಬ್ಬರಿಗೂ ಊರಿಲ್ಲ, ಅಪ್ಪನ ಹೆಸರಿಲ್ಲ.

"ಊರು ಬರೀದೆ ಹೆಂಗ್ಲಾ? ನಾವು ಕೊಬ್ಬರಿ ಚೀಲದ ಮೇಲೂ ಗುರ್ತು ಬರೀತೀವಲ್ಲ!"

ಬರ್ಮಾದ ಸಮಾಧಿಗಳ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. "ಸಾಲು ಚೆಂದ ಹಿಡಿದವ್ರೆ. ಇಷ್ಟು ಹತ್ರ ನೆಟ್ರೆ ಗರಿಗೆ ಗರಿ ತಾಗ್ತದೆ ಅಷ್ಟೆ" ಎಂದಳು. ತೆಂಗಿನ ತೋಟದವಳಲ್ಲವೇ! ಆಮೇಲೆ ಮೆಲ್ಲಗೆ, "ಕೂರ್ಸಿ ಮಣ್ಣು ಮಾಡವ್ರಾ, ಮಲಗ್ಸವ್ರಾ? ಹಣೆಗೆ ಈಬತ್ತಿ ಇಟ್ರಾ?" ಎಂದಳು. ನಮ್ಮವರನ್ನು ಕೂರಿಸಿ, ವಿಭೂತಿ ಇಟ್ಟೇ ಮಣ್ಣು ಮಾಡುವುದು.

"ಇನ್ನೊಬ್ಬನ ಹೆಸರು ಗೋಡೆ ಮೇಲೆ ಯಾಕದೆ?"

"ದೇಹ ಸಿಗದೆ ಇದ್ದೋರ ಹೆಸರನ್ನ ಹಂಗೆ ಗೋಡೆ ಮೇಲೆ ಕೆತ್ತಿದಾರತ್ತೆ."

"ನೋಡ್ದಾ! ಸಿಕ್ಕಿಲ್ಲ ಅಂತ ಅವ್ರೇ ಒಪ್ಕೊಂಡವ್ರೆ. ಸಿಗದೆ ಇದ್ದೋನ್ನ ಸತ್ತ ಅಂತ ಹೆಂಗೆ ಬರೆದ್ರು?"

ಯೋಚಿಸಿದರೆ ಅದೂ ಸರಿ ಅನ್ನಿಸಿ ನನ್ನ ತಲೆಯೂ ಕೆಟ್ಟಿತು. ಬರ್ಮಾದವನು ನಮ್ಮವನಾದರೆ ಎಲೆ ಒಳಗೆ ಹೋಗಬೇಕು. ಸಿಂಗಪುರದವನಾದರೆ ಹೊರಗೇ ಇರಬೇಕೇ? ಬದುಕಿದ್ದರೂ ನೂರು ದಾಟಿರುತ್ತಿತ್ತು ಎಂದು ಹೇಳಿ ನೋಡಿದೆ. "ನೂರು ದಾಟಿದೋರ ಫೋಟೊ ಪೇಪರಲ್ಲಿ ಬರಲ್ವಾ?" ಎಂದಳು. ಆದರೆ ದನಿಯಲ್ಲಿ ಎಂದಿನ ಜೋರಿರಲಿಲ್ಲ. ಕನ್ನಡಕ ತೆಗೆದು ಕೇಳಿದಳು.

"ಸತ್ತೋರು ಪಡಸಾಲೆ ಸಾಲಿಗೆ ಬಂದು ಉಣ್ತಾರೇನ್ಲಾ?"

"ಇಲ್ಲತ್ತೆ. ಅದಕ್ಕೇ ಅಲ್ವಾ ಒಳಗೆ ಎಡೆ ಇಡೋದು?"

"ಹಂಗಾದ್ರೆ ಅವ್ನು ಅವತ್ತಿಂದ ಹಸ್ಕೊಂಡೇ ಅವ್ನೆ ಕಣೋ."

ನಾನು ನಗಲು ಹೊರಟವನು ಅವಳ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು. ಇಷ್ಟು ವರ್ಷ ಕಾವಲು ಕಾದ ಎಲೆ ತಪ್ಪು ಸಾಲಿನಲ್ಲಿತ್ತೇ ಎಂಬ ದಿಗಿಲು ಅದು.

ಅಮಾವಾಸ್ಯೆಯ ದಿನ ಅತ್ತೆ ಬೆಳಗ್ಗೆಯೇ ಬಂದಳು. ಒಳಗೆ, ಫೋಟೊಗಳ ಮುಂದೆ, ಹೊಸದಾಗಿ ಎಲೆ ಹಾಕಿದಳು. ಒಂದಲ್ಲ, ಎರಡು.

"ಎರಡ್ಯಾಕತ್ತೆ? ಇಬ್ಬರಲ್ಲಿ ಒಬ್ಬನೇ ಅಲ್ವಾ ನಮ್ಮೋನು?"

"ಯಾರು ಅಂತ ಆ ಗೋಡೆ ಕೆತ್ತಿದೋರಿಗೇ ಗೊತ್ತಿಲ್ಲ, ನಂಗೆಲ್ಲಿ ಗೊತ್ತಾಗ್ತದೆ? ಇನ್ನೊಬ್ಬನ ಮನೇಲೂ ನನ್ನಂಥೋಳು ಒಬ್ಳು ತಪ್ಪು ಸಾಲಿಗೆ ಹಾಕ್ತಿದ್ರೆ? ಬುಡು, ಇಬ್ರೂ ಉಣ್ಲಿ."

ಇಬ್ಬರಿಗೂ ಕಡುಬು, ಕಾಯಿಹಾಲು, ಇಬ್ಬರಿಗೂ ಪಂಚೆ. ಪಡಸಾಲೆಯ ಸಾಲಿನಲ್ಲಿ ಮೊದಲ ಸಲ ಒಂದು ಜಾಗ ಖಾಲಿ ಬಿತ್ತು. ತಂಗಿಯ ಗಂಡ ಅಭ್ಯಾಸಬಲದಿಂದ ಅದನ್ನು ಬಿಟ್ಟು ದೂರ ಕೂತ.

ಎಲ್ಲರೂ ಎದ್ದ ಮೇಲೆ ಅತ್ತೆ ಅದೇ ಜಾಗದಲ್ಲಿ ತನ್ನ ಎಲೆ ಹಾಕಿಕೊಂಡು ಕೂತಳು. ಕಡುಬು ಮುರಿದಳು, ಬಾಯಿಗಿಡಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅವ್ನನ್ನ ಸಾಲಿಂದ ನಾನೇ ಎಬ್ಬಿಸಿಬುಟ್ಟೆ ಕಣ್ಲಾ. ನಂಗೂ ವಯಸ್ಸಾಯ್ತು. ಅಲ್ಲಿ ಅಜ್ಜಿ ಎದುರಿಗೆ ಸಿಕ್ಕಿ, ನನ್ನ ಮಗ ಬಂದ್ನಾ ಅಂದ್ರೆ ಏನ್ ಹೇಳ್ಲಿ?"

ಬಾಯಿಗೆ ಬಂದದ್ದನ್ನು ಹೇಳಿದೆ.

"ಅವನ ಊಟ ಆಯ್ತು ಅಂತ ಹೇಳು ಅತ್ತೆ."

ಅತ್ತೆ ನನ್ನ ಮುಖವನ್ನೇ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮುರಿದಿಟ್ಟಿದ್ದ ಕಡುಬನ್ನು ಕಾಯಿಹಾಲಿಗೆ ಅದ್ದಿದಳು.