ಬರದೇ ಹೋದ ಎರಡನೆಯ ಸೀನು

ಇಪ್ಪತ್ತು ವರ್ಷಗಳಿಂದ ನಾನು ನೆಗಡಿಗೆಂದು ಒಂದು ಗುಳಿಗೆ ನುಂಗಿದವನಲ್ಲ. ಮುನಿರಾಬಾದಿನ ಡ್ಯಾಂ ಕಾಲೊನಿಯಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ನಮ್ಮ ನೀರಾವರಿ ಕಚೇರಿಯಲ್ಲಿ ಯಾರಾದರೂ ಮೂಗೊರೆಸಿಕೊಂಡರೆ ಸಾಕು, ಫೈಲು ಬದಿಗಿಟ್ಟು ತುಳಸಿ, ಒಣಶುಂಠಿ, ಕರಿಮೆಣಸುಗಳ ಗುಣಗಾನ ಶುರು ಮಾಡುತ್ತಿದ್ದೆ. ಕಷಾಯಕ್ಕೆ ಬೆಲ್ಲವೇ ಆಗಬೇಕು, ಸಕ್ಕರೆ ವಿಷ ಎಂಬುದು ನನ್ನ ಕಟ್ಟಾಜ್ಞೆ. ನನ್ನನ್ನು ಕಂಡರೆ ಜನ ಸೀನು ನುಂಗಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ಅದನ್ನು ನಾನು ಕಷಾಯದ ಮಹಿಮೆ ಎಂದು ತಿಳಿದಿದ್ದೆ!

ಈ ಚಳಿಗಾಲದಲ್ಲಿ ಮಗಳು ರೇಣುಕಾಗೆ ಯಲಬುರ್ಗಾದ ಹುಡುಗನೊಬ್ಬ ಒಪ್ಪಿಗೆಯಾದ. ಪಶು ಆಸ್ಪತ್ರೆಯಲ್ಲಿ ಕೆಲಸ, ಮಾತು ಮೆತ್ತಗೆ. ಹಿಂದೆ ಬಂದ ನಾಲ್ಕು ಗಂಡುಗಳನ್ನೂ 'ಒಲ್ಲೆ' ಎಂದಿದ್ದವಳು ಈತನ ಫೋನು ಬಂದರೆ ಹಿತ್ತಲಿಗೆ ಹೋಗಿ ನಗುತ್ತಿದ್ದಳು. ಇನ್ನು ಉಳಿದದ್ದು ಒಂದೇ ಕೆಲಸ. ಭಾನುವಾರ ಗಂಡಿನ ಕಡೆಯವರು ಬಂದು ಅವಳ ಬಾಯಿಗೆ ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿ.

ಗುರುವಾರ ನನಗೆ ನೆಗಡಿ ಬಂತು.

ನಮ್ಮ ಮನೆತನದ ಸೀನು ಒಂಟಿಯಾಗಿ ಬರುವಂಥದ್ದಲ್ಲ. ಬಂದರೆ ಏಳು! ಹೆಂಡತಿ ಶಾಂತಾ ಎಂದಳು, "ಮೆಡಿಕಲ್ ಶಾಪಿನ್ಯಾಗ ಒಂದು ಗುಳಿಗಿ ತಗೊಂಡು ನುಂಗ್ರಿ, ಮುಗೀತು."

"ಬೀಗರು ಬರ್ತಾರಂತ ನನ್ನ ತತ್ವ ಬಿಡಾಕ ಆಗಂಗಿಲ್ಲ."

"ತತ್ವ ಅಲ್ರಿ, ಮೂಗು ಸೋರಾಕತ್ತೈತಿ! ಗುಳಿಗಿ ಬ್ಯಾಡಾದ್ರ ಸುಮ್ನ ಇರ್ರಿ. ಏಳು ಸೀನಿದ್ರ ಯಾರೂ ಏನೂ ಅನ್ನಂಗಿಲ್ಲ."

ಅವಳ ಮಾತಿನಲ್ಲಿ ಅರ್ಥವಿತ್ತು. ಶುಭಕಾರ್ಯದ ಹೊತ್ತಿಗೆ ಒಂಟಿ ಸೀನು ಬಂದರೆ ಅಪಶಕುನ, ಮೇಲೊಂದು ಬಂದರೆ ದೋಷವಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಹೆಂಡತಿಯ ಮಾತು ಕೇಳುವಷ್ಟು ಜಾಣತನ ನನಗೆಲ್ಲಿಂದ ಬರಬೇಕು?

ಶುಕ್ರವಾರ ಆರು ಲೋಟ ಕಷಾಯ ಇಳಿಸಿದೆ. ಹೊಟ್ಟೆಗೆ ಬೆಂಕಿ ಬಿತ್ತು, ಸೀನು ಏಳೇ ಉಳಿಯಿತು. ಶನಿವಾರ ಪಕ್ಕದ ಮನೆಯ ಹನುಮಂತಪ್ಪ ತನ್ನ ವಿದ್ಯೆ ತಂದ. "ಹುರದ ಕಡ್ಲಿ ಬಿಸಿಬಿಸಿ ಒಂದು ಮುಷ್ಟಿ ತಿನ್ರಿ, ಮ್ಯಾಲ ನೀರು ಕುಡೀಬ್ಯಾಡ್ರಿ, ಕಂಬಳಿ ಹೊತ್ತು ಮಲಗ್ರಿ. ನೆಗಡಿ ಹೇಳದ ಕೇಳದ ಓಡತೈತಿ." ಒಂದು ಮುಷ್ಟಿಗೆ ಓಡುವ ನೆಗಡಿ ನಾಲ್ಕು ಮುಷ್ಟಿಗೆ ಹಾರಿಹೋಗಬೇಕಲ್ಲ? ನಾಲ್ಕು ಮುಷ್ಟಿ ತಿಂದೆ. ಸೀನು ನಾಲ್ಕಕ್ಕೆ ಇಳಿಯಿತು. ಹೊಟ್ಟೆ ಮಾತ್ರ ರಾತ್ರಿಯೆಲ್ಲ ಭಾಷಣ ಮಾಡಿತು.

ಭಾನುವಾರ ಬೆಳಗ್ಗೆ ಬ್ರಹ್ಮಾಸ್ತ್ರ ತೆಗೆದೆ. ಅರಿಷಿಣ ಕೊಂಬನ್ನು ದೀಪಕ್ಕೆ ಹಿಡಿದು ಅದರ ಹೊಗೆಯನ್ನು ಮೂಗಿಗೆ ಎಳೆದುಕೊಳ್ಳುವುದು. ಎಳೆದೆ. ಎಡಗಡೆಯ ಮೀಸೆ ಚರ್ರೆಂದಿತು! ಬಲಗಡೆಯದನ್ನು ನಾನೇ ಬೋಳಿಸಬೇಕಾಯಿತು. ಹೋದರೆ ಹೋಗಲಿ, ಮೂಗು ಮಾತ್ರ ನೀರು ನಿಲ್ಲಿಸಿದ ಕಾಲುವೆಯಂತೆ ಒಣಗಿತ್ತು. ಎರಡು ತಾಸು ಒಂದು ಸೀನೂ ಇಲ್ಲ. ಶಾಂತಾಳ ಮುಂದೆ ಎದೆ ಉಬ್ಬಿಸಿಕೊಂಡು ನಾಲ್ಕು ಸಲ ಓಡಾಡಿದೆ.

ಗಂಡಿನವರು ಬಂದರು. ಚಹಾ, ಅವಲಕ್ಕಿ, ಮಾತುಕತೆ ಎಲ್ಲ ಸಾಂಗವಾಯಿತು. ಹುಡುಗನ ಅಜ್ಜಿ ತಟ್ಟೆಯಿಂದ ಚಿಟಿಕೆ ಸಕ್ಕರೆ ಎತ್ತಿದರು. ರೇಣುಕಾ ತಲೆ ಬಗ್ಗಿಸಿ ಬಾಯಿ ತೆರೆದಳು.

"ಆಕ್ಷೀ!"

ಅಜ್ಜಿಯ ಕೈ ಅಲ್ಲೇ ನಿಂತಿತು. ಎಲ್ಲರೂ ನನ್ನ ಮೂಗು ನೋಡಿದರು.

"ತಡೀರಿ, ಇನ್ನೂ ಬರ್ತಾವು," ಎಂದಳು ಶಾಂತಾ. "ನಮ್ಮವರದು ಏಳಕ್ಕ ಕಮ್ಮಿ ಇಲ್ಲ."

ಬರಲಿಲ್ಲ.

ಹುಡುಗನ ತಂದೆ ಬಹಳ ಒಳ್ಳೆಯವರು. "ಅವಸರ ಇಲ್ರಿ ಬೀಗರ, ಸಾವಕಾಶ ಸೀನ್ರಿ," ಎಂದರು. ಹನುಮಂತಪ್ಪ ನಶ್ಯದ ಡಬ್ಬಿ ತಂದು ಮೂಗಿಗೆ ಹಿಡಿದ. ಯಾರೋ ದಾರ ಹೊಸೆದು ಮೂಗಿನೊಳಗೆ ಆಡಿಸಿದರು. ಹುಡುಗನೇ ಎದ್ದು ನನ್ನ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದ. "ಸೂರ್ಯನ್ನ ನೋಡ್ರಿ ಮಾವಾರ, ಬರತೈತಿ," ಎಂದ. ಅವನು ನನ್ನನ್ನು ಮಾವ ಎಂದದ್ದು ಅದೊಂದೇ ಸಲ. ಸೂರ್ಯನನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ಬರಲಿಲ್ಲ. ಮೂರು ದಿನದ ನನ್ನ ಮನೆಮದ್ದು ಅಷ್ಟು ಚೆನ್ನಾಗಿ ಫಲಿಸಿತ್ತು!

ಒಳಗೆ ಬಂದರೆ ಅಜ್ಜಿಯ ಬೆರಳಲ್ಲಿ ಸಕ್ಕರೆ ಕರಗುತ್ತಿತ್ತು. ನಾನು ಧೈರ್ಯ ಮಾಡಿ, ಮುಖ ಕಿವುಚಿ, ಸ್ವಂತ ಖರ್ಚಿನಲ್ಲಿ ಒಂದು ಸೀನು ತಯಾರಿಸಿದೆ. "ಆಕ್‌ಷೀ!"

ಅಜ್ಜಿ ನನ್ನನ್ನೇ ನೋಡಿದರು. "ಅದು ಬಾಯಿಂದ ಬಂತು ತಮ್ಮಾ. ಮೂಗಿಂದಲ್ಲ."

ಸಕ್ಕರೆಯನ್ನು ತಟ್ಟೆಗೆ ಉದುರಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಹುಡುಗಿ ಬಂಗಾರದಂಥಾಕಿ. ಆದ್ರ ದೇವ್ರು ಬ್ಯಾಡ ಅಂದ ಮ್ಯಾಲ ನಾವ್ಯಾರು?" ಹುಡುಗ ಏನಾದರೂ ಹೇಳುತ್ತಾನೆಂದು ಕಾದೆವು. ಆ ಮೆತ್ತಗಿನ ಮಾತಿನವನು ಅಜ್ಜಿಯ ಚಪ್ಪಲಿ ಹುಡುಕಿ ತಂದಿಟ್ಟ. ರೇಣುಕಾ ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡಳು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅವರ ಗಾಡಿ ಕಾಲೊನಿಯ ತಿರುವು ದಾಟಿತು. ಆಗ ಮೂಗಿನಲ್ಲಿ ಏನೋ ಹರಿದಾಡಿತು. ಉಳಿದ ಆರೂ ಬಂದವು! ಒಂದರ ಹಿಂದೊಂದು, ಮನೆತನದ ಮರ್ಯಾದೆಗೆ ಕುಂದು ಬರದಂತೆ. ಶಾಂತಾ ಬಾಗಿಲಲ್ಲಿ ನಿಂತು "ಎರಡು... ಮೂರು..." ಎಂದು ಎಣಿಸುತ್ತಿದ್ದವಳು ನಾಲ್ಕಕ್ಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ರೇಣುಕಾ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಟ್ಟೆಯ ಸಕ್ಕರೆಯನ್ನು ಡಬ್ಬಿಗೆ ಸುರಿದು ಹೇಳಿದಳು, "ಬೆಲ್ಲ ತೀರೈತಿ ಅಪ್ಪಾ. ನಿಮ್ಮ ಕಷಾಯಕ್ಕ ಇದನ್ನ ಹಾಕ್ತೀನಿ."

ಸಕ್ಕರೆ ವಿಷ ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಸಾರಿದವನು ನಾನು. ದಿನಾ ಒಂದು ಲೋಟ ಮುಂದೆ ತಂದಿಟ್ಟಳು, ಆ ಸಕ್ಕರೆ ತೀರುವವರೆಗೂ ಕುಡಿದೆ. ನೆಗಡಿ ಪೂರ್ತಿ ವಾಸಿಯಾಯಿತು. ಒಂದು ಗುಳಿಗೆಯನ್ನೂ ನುಂಗದೆ!