ಮಗ್ಗದ ಗುಂಡಿಯ ಮ್ಯಾನೇಜರು

ಕೆಲಸ ಮಾಡುವವನಿಗಿಂತ ಮಾಡಿಸುವವನಿಗೇ ಸುಖ ಎಂದ ಪುಣ್ಯಾತ್ಮ ಸೇಲಂನ ಶಿವರಾಮನ್‌ನನ್ನು ನೋಡಿರಲಿಲ್ಲ.

ಹನ್ನೊಂದು ವರ್ಷ ಶಿವರಾಮನ್ ಒಬ್ಬಂಟಿ ಪ್ರೋಗ್ರಾಮರು. ಆಫೀಸೆಂದರೆ ಅಪ್ಪ ಕೂತು ಸೀರೆ ನೇಯುತ್ತಿದ್ದ ಮಗ್ಗದ ಗುಂಡಿ. ಮಗ್ಗ ಮಾರಿದ ಮೇಲೂ ಗುಂಡಿ ಉಳಿದಿತ್ತು. ಕಾಲು ಇಳಿಬಿಟ್ಟು, ಎದುರಿಗೊಂದು ಹಲಗೆ ಅಡ್ಡವಿಟ್ಟು ಲ್ಯಾಪ್‌ಟಾಪ್ ತೆರೆದರೆ ಸಾಕ್ಷಾತ್ ಸಿಂಹಾಸನ. ಭಾನುವಾರವೂ ಅಲ್ಲೇ. ಹೆಂಡತಿ ಜಯಪ್ರಿಯಾಗೆ ಮದುವೆಯಾದ ವರ್ಷ 'ಹೊಗೆನಕಲ್ ತೋರಿಸ್ತೀನಿ' ಎಂದ ಮಾತು ಇನ್ನೂ ಮಾತಾಗಿಯೇ ಇತ್ತು.

"ಕೆಲ್ಸ ಬೇರೆಯೋರ್ಗೆ ಕೊಡಿ. ನೀವು ಕ್ಲೈಂಟ್ ಅತ್ರ ಮಾತಾಡಿದ್ರೆ ಸಾಕು. ಬಾನುವಾರ ನಂದು!" ಎಂದು ಅವಳು ಹಟ ಹಿಡಿದಳು.

ಹಾಗೆ ಅವನು ಮ್ಯಾನೇಜರಾದ. ತಿರುಗುವ ಕುರ್ಚಿ ಬಂತು. ಗುಂಡಿಗೆ ಹಲಗೆ ಮುಚ್ಚಿ ಅಕ್ಕಿ ಡ್ರಮ್ಮು ಇಟ್ಟರು. ಪಾಲಕೋಡಿನ ಹುಡುಗರು ಸೆಲ್ವಂ, ನಾಗರಾಜನ್ ಕೋಡು ಬರೆಯುವುದು, ಇವನು "ಎಲ್ಲಿಗೆ ಬಂತು?" ಎಂದು ಕೇಳುವುದು. (ದಿನಕ್ಕೆ ಹದಿನಾಲ್ಕು ಸಲ.) ಬೆರಳು ಮಾತ್ರ ಊಟದ ತಟ್ಟೆಯ ಅಂಚಿನಲ್ಲೂ ಟೈಪು ಮಾಡುತ್ತಿತ್ತು. ಆ ಗುಂಡಿಯ ತಂಪು ನೆನೆದು ಪಾಪ, ಆಗಾಗ ಅಕ್ಕಿ ಡ್ರಮ್ಮಿನ ಸುತ್ತ ಸುಳಿಯುತ್ತಿದ್ದ.

ಕೊನೆಗೂ ಹೊಗೆನಕಲ್ ಭಾನುವಾರ ಬಂತು. ಬೆಳಿಗ್ಗೆ ಜಯಪ್ರಿಯಾ ಪುಳಿಯೋಗರೆ ಕಟ್ಟುತ್ತಿದ್ದಾಗಲೇ ಸೆಲ್ವಂ ಫೋನು.

"ಅಣ್ಣಾ, ಅಂಗ್ಡಿ ವೆಬ್‌ಸೈಟ್ನಾಗೆ ಕೆಂಪು ಸೀರೆ ಒತ್ತಿದ್ರೆ ಅಸ್ರು ಸೀರೆ ಬರ್ತೈತೆ. ನಾಳೆ ನೋಡ್ಲಾ?"

"ನಾಳೆಯಾ? ಬಿಡು ತಂಬಿ, ನಾನೇ ನೋಡ್ಕೋತೀನಿ!" ದನಿಯಲ್ಲಿ ಸಿಟ್ಟಿರಬೇಕಿತ್ತು, ಹಬ್ಬವಿತ್ತು.

"ಐದೇ ನಿಮ್ಷ, ಪ್ರಿಯಾ!" ಡ್ರಮ್ಮು ಸರಿಸಿ ಗುಂಡಿಗಿಳಿದ. ಅಂಗಾಲಿಗೆ ಹಳೆಯ ಮಣ್ಣು ತಾಕಿತು. ಅಪ್ಪ ಪಕ್ಕದಲ್ಲೇ ಕೂತಂತಾಗಿ ಕಣ್ಣು ತುಂಬಿತು.

ತಾಯಿ ಈಶ್ವರಿ ಇಣುಕಿದಳು. "ನಿಮ್ಮಪ್ಪಾನೂ ಇಂಗೇ. ನಾಕ್ ಮನೆಗೆ ನೂಲು ಕೊಟ್ಟು ನೇಯ್ಸೋ ಯಜಮಾನ ಆದ್ಮೇಲೂ, ಎಳೆ ಕಡೀತು ಅಂದ್ರೆ ಸಾಕು, ನೇಯೋರ್ ಗುಂಡಿಗೇ ಇಳ್ದು ಕೂರೋರು. ಆ ನೇಯೋರೋ, ಬೇಕಂತ್ಲೇ ಎಳೆ ಕಡಿದಿಟ್ಟು ಟೀ ಕುಡಿಯಾಕ್ ಓಗೋರು."

"ನಮ್ ಉಡುಗ್ರು ಅಂತೋರಲ್ಲಮ್ಮಾ."

ಆಮೇಲೆ ಯಾರೋ ಏನೋ ಕೇಳಿದ್ದಕ್ಕೆ "ಹೂಂ" ಎಂದದ್ದಷ್ಟೇ ನೆನಪು. ಕೆಂಪು ಸೀರೆ ಕೆಂಪಾಗಿ ಬಂದು, ಅವನು ತಲೆಯೆತ್ತಿದಾಗ ಮಧ್ಯಾಹ್ನ ಮೂರು. ಮನೆಯಲ್ಲಿ ನರಪಿಳ್ಳೆಯಿಲ್ಲ. ಪುಳಿಯೋಗರೆಯೂ ಇಲ್ಲ.

ಫೋನಿನಲ್ಲಿ ಒಂದು ಫೋಟೋ: ಹೊಗೆನಕಲ್ಲಿನ ಹರಿಗೋಲಿನಲ್ಲಿ ಜಯಪ್ರಿಯಾ, ಅಮ್ಮ. ಎದುರಿಗೆ ಹುರಿದ ಮೀನು ಕಚ್ಚಿಕೊಂಡ ಸೆಲ್ವಂ, ನಾಗರಾಜನ್.

ಕೆಳಗೆ ಸೆಲ್ವಂ ಬರೆದಿದ್ದ: "ಅಣ್ಣಾ, ಎಲ್ಲಿಗೆ ಬಂತು?"